ಗೇರೆಣ್ಣೆ ಬಳಿದ ಬಾಗಿಲು

ಮುದ್ದುಕೃಷ್ಣ ಆಚಾರಿಯ ಬಗ್ಗೆ ಒಳ್ಳೆಯ ಮಾತು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ, ಹೇಳುವವರು ಇನ್ಯಾರೂ ಇಲ್ಲ.

ದೋಹಾದ ಹೊರಗೆ ಶೇಖ್ ಮನೆತನವೊಂದರ ಹಳೆಯ ಅರಮನೆ. 2008ರಲ್ಲಿ ಅದನ್ನು ಮ್ಯೂಸಿಯಂ ಮಾಡುವ ಕೆಲಸ ನಡೆದಿತ್ತು. ನಾನು, ರೆಮಿಜಿಯಸ್, ಅಲ್ಲಿ ಸ್ಟೋರ್‌ಕೀಪರ್. ಹವಳದ ಕಲ್ಲಿನ ದಪ್ಪ ಗೋಡೆ, ಜಿಪ್ಸಂನಲ್ಲಿ ಕೊರೆದ ಜಾಲರಿ. ಒಳಗೆ ಮನೆತನದವರು ಕೂಡಿಟ್ಟ ಕತ್ತಿ, ಇರಾನಿ ಜಮಖಾನ, ಮುತ್ತು ತೂಗುವ ತಕ್ಕಡಿ. ಇವುಗಳಿಗೆ ಗಾಜಿನ ಕಪಾಟು ಮಾಡಲು ಬಂದವನು ಪಡುಬಿದ್ರಿಯ ಮುದ್ದುಕೃಷ್ಣ. ಮರ ಕಂಡರೆ ಮೊದಲು ಬೆರಳಿನಿಂದ ಕುಟ್ಟಿ ನೋಡುವುದು, ಆಮೇಲೆ ಮೂಸುವುದು. ಊಟದ ಹೊತ್ತಿಗೆ ಉಳಿದವರು ಹರಟಲು ಹೋದರೆ ಇವನು ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಕೋಣೆಯ ದೊಡ್ಡ ಬಾಗಿಲ ಎದುರು ಬುತ್ತಿ ಬಿಚ್ಚುತ್ತಿದ್ದ. ಅದು ನಮ್ಮ ಕರಾವಳಿಯಿಂದ ಬಂದ ಸಾಗುವಾನಿ ಮರದ್ದಂತೆ. "ಇದು ನಮಗಿಂತ ಮೊದಲು ಗಲ್ಫಿಗೆ ಬಂದದ್ದು, ಪೊರ್ಬುಗಳೇ" ಎಂದು ನಕ್ಕಿದ್ದ. ಊರಲ್ಲಿ ತುಳುವರು ನಮ್ಮಂಥ ಕ್ರೈಸ್ತರನ್ನು ಕರೆಯುವುದು ಹಾಗೆಯೇ.

ಅಲ್ಲಿಯ ಕಾಯ್ದೆ ಒಂದೇ: ಮ್ಯೂಸಿಯಂ ಉಸ್ತುವಾರಿ ಹೊತ್ತ ಮೇಡಂ ಸಹಿ ಇಲ್ಲದೆ ಹಳೆಯ ವಸ್ತುವಿಗೆ ಒಂದು ತೊಟ್ಟು ನೀರೂ ತಾಗಬಾರದು. ಮೇಡಂ ರಜೆಯಲ್ಲಿದ್ದ ವಾರವೇ ಆ ಬಾಗಿಲಿನ ಬುಡದಲ್ಲಿ ಗೆದ್ದಲು ಕಾಣಿಸಿತು. ಮುದ್ದುಕೃಷ್ಣ ಕಂಗಾಲಾಗಿ ನನ್ನ ಹತ್ತಿರ ಬಂದು, ಫೋನ್ ಮಾಡಿ ಕೇಳುವ ಎಂದ. ನನಗೋ ಎಲ್ಲ ಗೊತ್ತೆಂಬ ಕೊಬ್ಬು. ಗೆದ್ದಲಿಗೆ ಮದ್ದು ಹಾಕಲು ನಮ್ಮ ಅಜ್ಜಂದಿರು ಯಾವ ಮೇಡಮ್ಮನನ್ನು ಕೇಳಿದ್ದರು? ಗೇರುಬೀಜದ ಸಿಪ್ಪೆಯಿಂದ ತೆಗೆದ ಘಾಟು ವಾಸನೆಯ ಕಪ್ಪು ಎಣ್ಣೆ ಬಳಿದರೆ ಸಾಕು, ಹುಳ ಆ ಕಡೆ ತಲೆ ಹಾಕುವುದಿಲ್ಲ. ಹೆಂಡತಿ ಉರ್ಸುಲಾ ಕಾಲಿನ ಒಡಕಿಗೆಂದು ಊರಿಂದ ತಂದ ಗೇರೆಣ್ಣೆ ಅಲ್ ಹಿಲಾಲಿನ ನಮ್ಮ ಫ್ಲಾಟಿನಲ್ಲಿತ್ತು. ಅವಳಿಗೆ ಹೇಳದೆ ಬಾಟಲಿ ತಂದುಕೊಟ್ಟೆ.

ಅವನು ಬ್ರಷ್ ಹಿಡಿದು ಬಾಗಿಲಿಗೆ ಮುಖ ತಾಗುವಷ್ಟು ಬಗ್ಗಿದ.

"ಇದರಲ್ಲಿ ಎಂತದೋ ಹೂವಿನ ಬಣ್ಣ ಉಂಟು, ಪೊರ್ಬುಗಳೇ. ಹತ್ತಿರದಿಂದ ನೋಡಿದ್ರೆ ಕಾಣ್ತದೆ."

"ಧೂಳು ಮಾರಾಯ. ನೀನು ಬಳಿ, ನಾನಿದ್ದೇನೆ."

ನಾನಿದ್ದೇನಂತೆ! ಥೂ, ನನ್ನ ಬಾಯಿಗಿಷ್ಟು.

ಅದು ಧೂಳಾಗಿರಲಿಲ್ಲ, ಯಾವ ಕಾಲದಲ್ಲೋ ಬರೆದ ಕೆಂಪು ನೀಲಿ ಹೂಬಳ್ಳಿ. ಎಣ್ಣೆ ಕುಡಿದ ಮರ ಕಾವಲಿಯ ತಳದ ಹಾಗೆ ಕಪ್ಪಾಯಿತು. ರಜೆ ಮುಗಿಸಿ ಬಂದ ಮೇಡಂ ಬಾಗಿಲ ಮುಂದೆ ನೆಲದ ಮೇಲೆ ಕೂತೇಬಿಟ್ಟರು. ಬೈಯಲಿಲ್ಲ, ಕಣ್ಣೊರೆಸಿಕೊಂಡರು. ಆಮೇಲೆ ನಮ್ಮಿಬ್ಬರನ್ನೂ ಕರೆದು, ಈ ಎಣ್ಣೆ ಎಲ್ಲಿಂದ ಬಂತು, ಬಳಿಯಲು ಹೇಳಿದ್ದು ಯಾರು ಎಂದು ಕೇಳಿದರು.

ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಮೈಕಿನ ಮುಂದೆ ನಿಂತು ಬೈಬಲ್ ಓದುವವನು ನಾನು. ಅದೇ ಬಾಯಿಂದ ಬಂತು: "ನನಗೆ ಗೊತ್ತಿಲ್ಲ ಮೇಡಂ."

ಮುದ್ದುಕೃಷ್ಣನ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಆ ಮಾತು ಅವನಿಗೆ ಅರ್ಥವಾಯಿತು. ನನ್ನನ್ನು ಒಮ್ಮೆ ನೋಡಿದ. ಎದೆ ಮುಟ್ಟಿಕೊಂಡು, "ಮೀ, ಮೇಡಂ. ಓನ್ಲಿ ಮೀ" ಎಂದ.

ವಾರದೊಳಗೆ ಅವನ ವೀಸಾ ಖಲಾಸ್. ಏರ್‌ಪೋರ್ಟಿಗೆ ಬಿಡಲು ಹೋದದ್ದೂ ನಾನೇ, ನಾಚಿಕೆಗೆಟ್ಟವನು. ದಾರಿಯುದ್ದಕ್ಕೂ ಅವನು ಆ ವಿಷಯ ಎತ್ತಲಿಲ್ಲ. ಇಳಿಯುವಾಗ ಮಾತ್ರ, ನಿಮ್ಮ ಹೆಂಡತಿ ಮಗ ಇಲ್ಲೇ ಇದ್ದಾರೆ, ನಾವಿಬ್ಬರೂ ಯಾಕೆ ಹೋಗಬೇಕು ಎಂದ. ಕೆನ್ನೆಗೆ ಎರಡು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಮರುವರ್ಷ ಅರಮನೆ ಜನರಿಗೆ ತೆರೆಯಿತು. ಉರ್ಸುಲಾ ಹಠ ಹಿಡಿದಳೆಂದು ಹೋದೆವು. ಅವನು ಮಾಡಿದ ಕಪಾಟುಗಳಲ್ಲಿ ಕತ್ತಿಗಳು ಹೊಳೆಯುತ್ತಿದ್ದವು. ಬಾಗಿಲೂ ಅಲ್ಲೇ ಇತ್ತು, ಮೇಲರ್ಧ ಮಸುಕು ಹೂವು, ಕೆಳಗರ್ಧ ಕಪ್ಪು. ಹತ್ತು ವರ್ಷದ ಮಗ ಗ್ಯಾವಿನ್ ಪಕ್ಕದ ಫಲಕವನ್ನು ಜೋರಾಗಿ ಓದಿದ. ಕೆಲಸಗಾರನೊಬ್ಬನ ಅಜ್ಞಾನದಿಂದ ಚಿತ್ರ ಹಾಳಾಯಿತು ಎಂದಿತ್ತು.

ಪಪ್ಪಾ, ನೀವು ಇಲ್ಲೇ ಇದ್ದಿರಲ್ಲ, ಆ ದಡ್ಡ ಯಾರು ಎಂದು ಕೇಳಿದ.

"ನನಗೆ ಗೊತ್ತಿಲ್ಲ ಮಗಾ" ಎಂದೆ.

ಉರ್ಸುಲಾ ಹಗ್ಗದಾಚೆ ಬಗ್ಗಿ ಬಾಗಿಲನ್ನು ಮೂಸಿದಳು. ನನ್ನ ಮುಖ ನೋಡದೆ ಮಗನ ಕೈ ಹಿಡಿದು ಮುಂದೆ ನಡೆದಳು. ಕಾಲಿನ ಒಡಕಿಗೆ ಇಟ್ಟಿದ್ದ ಬಾಟಲಿ ಎಲ್ಲಿ ಹೋಯಿತೆಂದು ಅಲ್ಲಿಯವರೆಗೆ ಎಷ್ಟೋ ಸಲ ಕೇಳಿದ್ದಳು. ಆ ದಿನದಿಂದ ಕೇಳಿಲ್ಲ.