ಚೀಲದಲ್ಲಿದ್ದ ಆಧಾರ್ ಕಾರ್ಡುಗಳು

ಮೊದಲು ಚಳಿ ಬಂತು. ಬೇಸಿಗೆಯ ನಡುಹಗಲು ನನ್ನ ಹೆಂಡತಿ ರತ್ನ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಮೂತ್ರದಲ್ಲಿ ರಕ್ತ ಹೋಗಿ ಎರಡು ದಿನವಾಗಿತ್ತಂತೆ. ನನಗೆ ಹೇಳಿರಲಿಲ್ಲ.

ಹೊಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಕೇಳಿದರು, "ನೀರು ಎಷ್ಟು ಕುಡೀತೀಯಮ್ಮ?"

"ಡ್ಯೂಟಿ ಟೈಮಲ್ಲಿ ಕುಡಿಯಲ್ಲ ಮೇಡಂ. ಕುಡುದ್ರೆ ಎದ್ದೋಗ್ಬೇಕಲ್ಲ. ನಲವತ್ತು ಜನಕ್ಕೆ ಇರೋದು ಒಂದೇ ಟೋಕನ್ನು."

ಕಿಡ್ನಿಯಲ್ಲಿ ಕೀವು ಕಟ್ಟಿತ್ತು.

ಟೋಕನ್ನಿನ ವಿಷಯ ನನಗೆ ಹೊಸದಲ್ಲ. ಸೂಳಗಿರಿ ಪಕ್ಕದ ಕೈಗವಸಿನ ಫ್ಯಾಕ್ಟರಿಯಲ್ಲಿ ಅವಳು ಹೊಲಿಯುವವಳು, ನಾನು ಗುಮಾಸ್ತ. ಟೋಕನ್ನೆಂದರೆ ಒಂದು ಹಲಗೆ ತುಂಡು; ಅದಕ್ಕೆ ದಾರ ಕಟ್ಟಿ ಮೊಳೆಗೆ ನೇತುಹಾಕಿದವನು ನಾನೇ. ಅದು ಕೊರಳಲ್ಲಿದ್ದರೆ ಮಾತ್ರ ಶೌಚಾಲಯ. ವಿದೇಶದ ಖರೀದಿದಾರರು ವರ್ಷಕ್ಕೊಮ್ಮೆ ಕಳಿಸುವ ಘೋಷಣಾ ಪತ್ರ ತುಂಬುವ ಘನಕಾರ್ಯವೂ ನನ್ನದೇ. ಬಲವಂತದ ದುಡಿಮೆ ಇದೆಯೇ? ಇಲ್ಲ. ಕೆಲಸಗಾರರು ಬೇಕೆಂದಾಗ ಎದ್ದು ಹೋಗಬಹುದೇ? ಹೌದು. ಅವರ ದಾಖಲೆಗಳನ್ನು ಇಟ್ಟುಕೊಂಡಿದ್ದೀರಾ? ಇಲ್ಲ. ನನ್ನ ಅಕ್ಷರ ದುಂಡಗಿದೆ ಎಂದು ಮ್ಯಾನೇಜರು ಹೊಗಳುತ್ತಿದ್ದರು.

ಡ್ರಿಪ್ ಹಾಕಿದರು. ಕೀವು ತೆಗೆಯಲು ವಿಮೆಯ ಅಪ್ರೂವಲ್ ಬೇಕು, ಅದಕ್ಕೆ ಒರಿಜಿನಲ್ ಆಧಾರ್ ಬೇಕು ಎಂದರು.

ಅದು ಮನೆಯಲ್ಲಿರಲಿಲ್ಲ.

ಹೇಳದೆ ಕೆಲಸ ಬಿಡಬಾರದೆಂದು, ಸೇರುವಾಗಲೇ ಹೆಂಗಸರ ಕಾರ್ಡು ಇಸಿದುಕೊಳ್ಳುವುದು ನಮ್ಮ ಫ್ಯಾಕ್ಟರಿಯ ಪದ್ಧತಿ. ಅವರು ಗೊಣಗಿದಾಗ, ಮೇಲ್ಪಂಕ್ತಿಯಾಗಲೆಂದು ಹೆಂಡತಿಯದನ್ನೇ ಮೊದಲು ಬೀರುವಿನಲ್ಲಿಟ್ಟ ಧರ್ಮಾತ್ಮ ನಾನು. ಹಿಂದಿನ ವಾರ ತಪಾಸಣೆಯವರು ಬರುತ್ತಾರೆಂದು ಮ್ಯಾನೇಜರು ಎಲ್ಲ ಕಾರ್ಡುಗಳನ್ನೂ ಚೀಲಕ್ಕೆ ತುಂಬಿಸಿ, ಕೃಷ್ಣಗಿರಿಯಲ್ಲಿರುವ ಮಾಲೀಕರ ಮಾವನ ಮನೆಗೆ ಸಾಗಿಸಿದ್ದರು. ಹಾಗೆ, ನಾನು ಬರೆದ "ಇಲ್ಲ" ನಿಜವಾಗಿತ್ತು.

ಮ್ಯಾನೇಜರಿಗೆ ಫೋನು ಮಾಡಿದೆ. "ಸಾರ್, ರತ್ನಂಗೆ ಸೀರಿಯಸ್ಸು. ಅವಳ ಕಾರ್ಡು ಬೇಕು."

"ಅಷ್ಟೊಂದು ಕಾರ್ಡಲ್ಲಿ ಯಾವನಯ್ಯ ಹುಡುಕ್ತಾನೆ? ನೀನೇ ಹೋಗಿ ತಗೊ."

ಬಸ್ಸು ಹಿಡಿದು ಹೋದೆ. ಹುಣಸೆಹಣ್ಣಿನ ಮೂಟೆಗಳ ನಡುವೆ ಚೀಲವಿತ್ತು. ಒಂದೊಂದೇ ಮುಖ ನೋಡುತ್ತ ಹೋದೆ; ರತ್ನಳದು ಸಿಗಲಿಲ್ಲ, ಹೊತ್ತು ಮೀರುತ್ತಿತ್ತು. ಹುಡುಕುವುದು ಬಿಟ್ಟು ಇಡೀ ಚೀಲವನ್ನೇ ಹೊತ್ತು ತಂದೆ. ರತ್ನಳೇ ಮಲಗಿದಲ್ಲಿಂದ ಕೈಹಾಕಿ ತನ್ನದನ್ನು ತೆಗೆದುಕೊಟ್ಟಳು. ಸಂಜೆಯ ಹೊತ್ತಿಗೆ ಸೊಂಟದಿಂದ ಟ್ಯೂಬು ಇಳಿಬಿಟ್ಟು ಕೀವು ತೆಗೆದರು.

ನಾಲ್ಕನೇ ದಿನ ಅವಳ ಹೊಲಿಗೆ ಲೈನಿನ ಹೆಂಗಸರು ನೋಡಲು ಬಂದರು. ರತ್ನ ಮಂಚದ ಕೆಳಗಿನ ಚೀಲ ಎಳೆಸಿದಳು.

"ತಗೊಳ್ರೇ, ನಿಮ್ ನಿಮ್ ಮುಖ ನೋಡ್ಕೊಂಡು."

"ಅಯ್ಯೋ, ಇದ್ರಾಗೆ ನಾನು ಕಳ್ಳಿ ಥರ ಇವ್ನಿ ಕಣಕ್ಕಾ!" ಎಂದು ಒಬ್ಬಳು ನಕ್ಕಳು.

ನಾನು ಅಡ್ಡ ಬಂದೆ. "ಅದನ್ನ ವಾಪಸ್ ಇಡ್ಬೇಕು ಕಣೇ. ನನ್ ಕೆಲ್ಸ ಹೋಗ್ತದೆ."

"ಇಟ್ಕೊಂಡಿಲ್ಲ ಅಂತ ಬರ್ಕೊಟ್ಟೋರು ನೀವೇ ಅಲ್ವರಾ? ಇಲ್ದಿರೋದನ್ನ ಎಲ್ಲಿಗೆ ವಾಪಸ್ ಇಡ್ತೀರ?" ಎಂದಳು ರತ್ನ.

ಅವರು ಕಾರ್ಡುಗಳನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಹೊರಟರು.

ಮರುವಾರವೇ ನನ್ನನ್ನು ಯಾವ ಬಲವಂತವೂ ಇಲ್ಲದೆ ಮನೆಗೆ ಕಳಿಸಿದರು. ಇಬ್ಬರು ಹೆಂಗಸರು, ಕೆಲಸ ಹೋದೀತೆಂದು, ತಾವಾಗಿಯೇ ಕಾರ್ಡು ತಂದೊಪ್ಪಿಸಿದರಂತೆ. ಉಳಿದವರು ಕೊಟ್ಟಿಲ್ಲ.

ಕಿಡ್ನಿ ಮೊದಲಿನಂತಾಗುವುದಿಲ್ಲ, ಆದರೆ ಕೆಲಸ ಮಾಡುತ್ತಿದೆ ಎಂದರು ಡಾಕ್ಟರಮ್ಮ. ಕೈಮುಗಿದೆ. ರತ್ನ ಈಗ ನನ್ನೊಡನೆ ಮಾತಾಡುತ್ತಾಳೆ, ಎಷ್ಟು ಬೇಕೋ ಅಷ್ಟು ಮಾತ್ರ. ಅದಕ್ಕೂ ಕೈಮುಗಿಯುತ್ತೇನೆ.