ಫರಸಿಯ ಕೆಳಗಿನ ಧೂಳು

ನಾನು ಬಿ.ಎಸ್ಸಿ. ಓದಿದವಳು. ದೆವ್ವ-ಗಾಳಿ ಎಂದವರನ್ನು ಕಂಡು ನಕ್ಕವಳು. ಆ ರಾತ್ರಿ ಒಬ್ಬಳೇ ಇದ್ದಿದ್ದರೆ, ಏನೂ ಕೇಳಿಸಲಿಲ್ಲ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಪಕ್ಕದಲ್ಲಿ ಅತ್ತೆ ಇದ್ದರು. ಅವರೂ ಕೇಳಿದ್ದಾರೆ.

ತಾಂಡೂರಿನ ಹಳೇ ಊರಿನಲ್ಲಿ ನಮಗೆ ಮನೆ ಸಿಕ್ಕಿದ್ದೇ ದೊಡ್ಡದು. ಹೋದಲ್ಲೆಲ್ಲ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಊರು, ಆಮೇಲೆ ಗೋಡೆಗೆ ಯಾವ ದೇವರ ಫೋಟೊ ಹಾಕುತ್ತೀರಿ ಎಂದು. ಬುದ್ಧ ಎಂದ ಕೂಡಲೇ ಆ ಮನೆ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ಈ ಮಾಲಕ ಮಾತ್ರ ಏನೂ ಕೇಳದೆ ಕೀಲಿ ಕೈಗಿಟ್ಟ. ಎಷ್ಟು ಒಳ್ಳೆಯವನು ಎಂದುಕೊಂಡೆವು...

ನನ್ನ ಗಂಡನ ಕೆಲಸ ಜಹೀರಾಬಾದಿನಲ್ಲಿ, ರಜೆಗಷ್ಟೇ ಬರುತ್ತಿದ್ದರು. ಮನೆಯಲ್ಲಿ ನಾನು, ನಾಲ್ಕು ವರ್ಷದ ಮಗಳು ಮೈತ್ರಿ, ಯಾಲಾಲ್ ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ. ಮೈತ್ರಿಗೆ ಉಬ್ಬಸ. ರಾತ್ರಿಯೆಲ್ಲ ಅವಳ ಎದೆಯಿಂದ ಸಿಳ್ಳೆಯಂಥ ಸದ್ದು. ಧೂಳಿನಿಂದ ದೂರ ಇಡಿ ಎಂದು ಡಾಕ್ಟರ್ ಹೇಳಿದ್ದಕ್ಕೇ ಹೊರಬಾಗಿಲಿಗೆ ಎದುರಾಗಿದ್ದ ಕೋಣೆಗೆ ಎ.ಸಿ. ಹಾಕಿಸಿ, ಕಿಟಕಿ ಮುಚ್ಚಿ, ಅವಳನ್ನು ಅಲ್ಲೇ ಮಲಗಿಸುತ್ತಿದ್ದೆ. ಮಂಚದಿಂದ ಉರುಳಿ ಬೀಳುತ್ತಾಳೆಂದು ನೆಲದ ಮೇಲೇ ಗಾದಿ.

ಆದರೆ ಎ.ಸಿ. ಫಿಲ್ಟರ್ ತೊಳೆದು ಹಾಕಿದ ಮರುದಿನವೇ ಕಂಬಳಿಯಂತೆ ಧೂಳು ಹೊದ್ದು ಕೂತಿರುತ್ತಿತ್ತು.

ಮೆಕ್ಯಾನಿಕ್ ಯೂಸುಫ್ ನೋಡಿ ನಕ್ಕುಬಿಟ್ಟ. "ಭಾಭೀ, ಒಳಗ ಗಿರಣಿ ಇಟ್ಟೀರೇನ್ರಿ? ತಾಂಡೂರಿನ್ಯಾಗ ಧೂಳ ಬಿಟ್ಟು ಮತ್ತೇನ್ ಸಿಗ್ತದ್ರಿ. ಎಲ್ಲಾ ಕಡಿ ಫರಸಿ ಕೊಯ್ಯೋ ಕಾರ್ಖಾನಿನೇ ಅವ."

ಅತ್ತೆಗೆ ಅಷ್ಟೇ ಸಾಕಾಯಿತು. "ಬಿಎಸ್ಸಿ ಮಾಡೀದಿ. ಕಸಬರಗಿ ಹಿಡ್ಯಾಕ ಮಾತ್ರ ಯಾರೂ ಕಲಸಿಲ್ಲೇನ?"

ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳು ನನಗೆ ಗೊತ್ತು. ಬೂದು ಬಣ್ಣ, ನೀರು ಬಿದ್ದರೆ ಹಿಟ್ಟಿನಂತೆ ಅಂಟುತ್ತದೆ. ಇದು ಹಳದಿ, ಹಗುರ. ತೊಳೆದರೆ ಹೊಟ್ಟು ತೇಲುತ್ತಿತ್ತು. ಹಳೇ ಜೋಳದ ಮುಗ್ಗಲು ವಾಸನೆ ಬರುತ್ತಿತ್ತು... ಕಿಟಕಿ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದೆ. ಧೂಳು ಕಡಿಮೆಯಾಗಲಿಲ್ಲ. ಅಂದರೆ ಅದು ಹೊರಗಿನಿಂದ ಬರುತ್ತಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅದೇ ಕೋಣೆಯಲ್ಲಿದ್ದ ಬುದ್ಧನ ಫೋಟೊ ಮುಂದೆ ಊದುಬತ್ತಿ ಹಚ್ಚಿದೆ. ಹೊಗೆ ನೆಟ್ಟಗೆ ಏರಲಿಲ್ಲ. ಕೋಣೆಗೆ ಹೊಂದಿದ್ದ ಬಚ್ಚಲಿನ ಕಡೆಗೆ ಬಾಗಿ ಓಡುತ್ತಿತ್ತು. ಬಚ್ಚಲಿನ ಗಾಳಿ ಹೊರಹಾಕುವ ಫ್ಯಾನನ್ನು ನಾವು ರಾತ್ರಿಯಿಡೀ ಬಿಡುತ್ತಿದ್ದೆವು, ಕೋಣೆಗೆ ತೇವದ ವಾಸನೆ ಬರಬಾರದೆಂದು. ತಟ್ಟನೆ ಹೊಳೆಯಿತು. ಬಾಗಿಲು ಕಿಟಕಿ ಎಲ್ಲ ಮುಚ್ಚಿದ ಕೋಣೆಯಿಂದ ಅದು ಗಾಳಿ ಎಳೆಯುತ್ತಿದ್ದರೆ, ಅಷ್ಟೇ ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು...

ಊದುಬತ್ತಿ ಹಿಡಿದು ನೆಲದುದ್ದಕ್ಕೂ ಹೋದೆ. ಮೈತ್ರಿಯ ತಲೆದಿಂಬಿನ ಹತ್ತಿರ ಹೊಗೆ ಚಿಮ್ಮಿ ಮೇಲೆದ್ದಿತು.

ಮಗಳನ್ನು ಎತ್ತಿ ಅತ್ತೆಯ ತೊಡೆಗೆ ಹಾಕಿ ಗಾದಿ ಸರಿಸಿದೆ. ಅಲ್ಲಿ ಒಂದು ಫರಸಿಯ ಮೂಲೆ ಒಡೆದಿತ್ತು. ಸಂದಿಯ ಉದ್ದಕ್ಕೂ ಅದೇ ಹಳದಿ ಧೂಳಿನ ಗೆರೆ. ಕಾರಣ ಸಿಕ್ಕಿತೆಂದು ನಾನು ನಕ್ಕೆ ಕೂಡ. ಸೌಟಿನ ಹಿಡಿಯಿಂದ ಮೀಟಿದೆ, ತಟ್ಟೆಯಗಲದ ತುಂಡು ಮೇಲೆದ್ದು ಬಂತು.

ಕೆಳಗೆ ಮಣ್ಣಿರಲಿಲ್ಲ. ಕತ್ತಲಿತ್ತು.

ಅತ್ತೆ ಬಗ್ಗಿ ನೋಡಿದವರೇ ಮಗಳನ್ನು ಎದೆಗವಚಿಕೊಂಡು ಹಿಂದೆ ಸರಿದರು. "ಹಗೇವು ಅದ ಇದು... ಜ್ವಾಳ ತುಂಬಿಡೋ ಕುಣಿ. ಹಗೇವಿನ ಮ್ಯಾಲ ಮಲಗೋ ಖೋಲಿ ಕಟ್ಯಾರ, ಹಾಳಾಗ್ಲಿ ಇವ್ರ ಮನಿ! ಒಳಗ ವಿಷಗಾಳಿ ಇರ್ತದ. ಮೊದ್ಲ ದೀಪ ಇಳಿಸಿ ನೋಡ್ತಾರ. ದೀಪ ಆರಿತಂದ್ರ ಯಾರೂ ಇಳಿಯಂಗಿಲ್ಲ."

ಇಷ್ಟು ದಿನ ಮಗಳ ಮೂಗು ಇದ್ದದ್ದು ಆ ಸಂದಿಯ ಪಕ್ಕದಲ್ಲಿ.

ಆದರೂ ನೋಡಬೇಕೆನಿಸಿತು. ಎಣ್ಣೆ ದೀಪವನ್ನು ಸ್ಟೀಲ್ ಲೋಟದಲ್ಲಿಟ್ಟು, ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು, ಕಟ್ಟಿ ಇಳಿಸಿದೆ. ಬೆಳಕು ಸ್ವಲ್ಪ ಕೆಳಗೆ ಹೋಯಿತು... ಮುದುಡಿತು... ನೀಲಿಯಾಗಿ ಆರಿತು.

"ಸಾಕು, ಎಳಿ," ಎಂದರು ಅತ್ತೆ.

ಎಳೆದೆ. ಬರಲಿಲ್ಲ. ಏನಕ್ಕೋ ಸಿಕ್ಕಿಕೊಂಡಿದೆ ಎಂದುಕೊಂಡೆ.

ಆಗ ಕೆಳಗೆ ಯಾರೋ ಕೆಮ್ಮಿದರು.

ಗಂಟಲಲ್ಲಿ ಹೊಟ್ಟು ಸಿಕ್ಕವರಂತೆ, ಉಸಿರು ಸಿಗದೆ, ಒಣ ಕೆಮ್ಮು. ಮಗಳಲ್ಲ. ಮಗಳು ಅತ್ತೆಯ ತೊಡೆಯ ಮೇಲೆ ಬಾಯಿ ಮುಚ್ಚಿ ನಿದ್ದೆಯಲ್ಲಿದ್ದಳು. ಆಮೇಲೆ ಗಂಡಸಿನ ದನಿ, ತೀರಾ ಮೆಲ್ಲಗೆ...

"ಹಗ್ಗ ಎಳೀರಿ... ಧಣೀ... ಹಗ್ಗ..."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಅಂಗೈ ನನ್ನ ಬಾಯಿಯ ಮೇಲಿತ್ತು. "ಓ ಅನಬ್ಯಾಡ..." ಎಂದು ಕಿವಿಯಲ್ಲಿ ಉಸುರಿದರು. ನನ್ನ ಕೈಯಲ್ಲಿದ್ದ ಹಗ್ಗ ಎರಡು ಸಲ ಜಗ್ಗಿತು. ಮೇಲಿದ್ದವರಿಗೆ ಸನ್ನೆ ಮಾಡುವ ಹಾಗೆ. ಮೂರನೆಯದಕ್ಕೆ ಅಂಗೈ ತರಚಿಕೊಂಡು ಸರ್ರನೆ ಕೆಳಗೆ ಹೋಯಿತು.

ಬಾಗಿಲು ಕೂಡ ಹಾಕಿಕೊಳ್ಳದೆ ಓಡಿದೆವು. ಬೆಳಗಾಗುವವರೆಗೆ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದೆವು.

ಫೋನ್ ಮಾಡಿದ್ದೇ ತಡ, ಮಾಲಕ ಕಾಂಕ್ರೀಟ್ ಹಾಕುವ ಗೌಂಡಿಯನ್ನು ಕರೆದುಕೊಂಡೇ ಬಂದ. "ಹಗೇವು ಇತ್ತು, ಮುಚ್ಚೀವಿ. ಇದಕ್ಯಾಕ ಇಷ್ಟ್ ಗದ್ಲ?"

"ಅದ್ರಾಗ ಯಾರರೆ ಸತ್ತಿದ್ರೇನ್ರಿ?" ಎಂದೆ.

ಅವನು ಗೋಡೆಯ ಮೇಲಿನ ಬುದ್ಧನನ್ನು ನೋಡಿದ, ನನ್ನನ್ನು ನೋಡಲಿಲ್ಲ. "ನಮ್ಮ ಮುತ್ಯಾನ ಕಾಲ್ದಾಗ ಒಬ್ಬ ಆಳ ಇಳಿದಿದ್ದ. ಗಡಿಬಿಡ್ಯಾಗ ದೀಪ ಇಳಸ್ಲಿಲ್ಲಂತ. ನಿಮ್ಮವನೇ."

"ಅವನ್ನ ಮ್ಯಾಲ ತಗದಾರೇನ್ರಿ?"

ಅವನು ಗೌಂಡಿಯ ಕಡೆ ತಿರುಗಿ, "ಏನ್ ನೋಡ್ತಿ? ಸುರಿ," ಎಂದ.

ಕಾಂಕ್ರೀಟ್ ಬೀಳುವ ಸದ್ದಿನ ನಡುವೆ ಅತ್ತೆ ಅಂದರು: "ಬ್ಯಾರೆ ಮಂದಿ ಇಲ್ಲಿ ನಿಲ್ಲಂಗಿಲ್ಲ. ಅದಕ್ಕೇ ನಮಗ ಏನೂ ಕೇಳ್ದೆ ಕೀಲಿ ಕೊಟ್ಟಾನ."

ಆ ವಾರವೇ ನಾರಾಯಣಖೇಡಕ್ಕೆ ಹೊರಟುಬಂದೆವು. ಮಹಡಿ ಮೇಲಿನ ಮನೆ. ಮೈತ್ರಿಯ ಉಬ್ಬಸ ತಗ್ಗಿದೆ. ಧೂಳಿಗೆ ಕಾರಣ ನನಗೆ ಗೊತ್ತು, ಯಾರು ಕೇಳಿದರೂ ವಿವರಿಸಬಲ್ಲೆ. ಆ ಹಗ್ಗ ಜಗ್ಗಿದ್ದನ್ನು ಮಾತ್ರ ಯಾವ ಪಾಠಕ್ಕೂ ಹೊಂದಿಸಲಾರೆ.

ಹೋದ ತಿಂಗಳು ತಾಂಡೂರಿಗೆ ಹೋದವಳು ಆ ಓಣಿಗೂ ಹೋದೆ. ಮನೆಯಲ್ಲಿ ಹೊಸಬರು. ಕಂಕುಳಲ್ಲಿ ಕೂಸು ಎತ್ತಿಕೊಂಡ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಅವಳ ಹಿಂದೆ ಗೋಡೆಯ ಮೇಲೆ, ನಮ್ಮದೇ ಮೊಳೆಗೆ, ಬುದ್ಧನ ಫೋಟೊ.

ನಾನು ತಡೆಯಲಾರದೆ ಎಲ್ಲ ಹೇಳಿದೆ. "ಇಲ್ಲಿರಬ್ಯಾಡವ್ವಾ. ಕೂಸಿನ ಕಟಗೊಂಡು ಬ್ಯಾರೆ ಕಡಿ ಹೋಗ್ರಿ."

ಅವಳು ಓಣಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದಳು. "ಎಲ್ಲಿ ಹೋಗಬೇಕಕ್ಕಾ? ಊರೆಲ್ಲಾ ಕೇಳಿ ಇಲ್ಲಿಗಿ ಬಂದೀವಿ. ಮನಿ ಹ್ಯಾಂಗ ಸಿಗ್ತದಂತ ನಿಮಗ ಗೊತ್ತಿಲ್ಲೇನು?"

ಕೂಸಿನ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲು ಮುಚ್ಚುವ ಮೊದಲು ಅಂದಳು:

"ನಮಗೂ ಕೇಳಸ್ತದಕ್ಕಾ... ನಾವು ಓ ಅನಲ್ಲ."