ಚಿಕ್ಕಪ್ಪನ ನರಿಬೋನು

ತುಕ್ಕು ಹಿಡಿದ ಕಬ್ಬಿಣಕ್ಕೆ ಸಾಂಬ್ರಾಣಿ ಹೊಗೆ ತಾಗಿದರೆ ಒಂದು ವಾಸನೆ ಏಳುತ್ತದೆ. ದೇವರ ಮನೆಯದೂ ಅಲ್ಲ, ಕೊಟ್ಟಿಗೆಯದೂ ಅಲ್ಲ. ಕಳೆದ ವಾರ ಸೋಮವಾರಪೇಟೆಯಲ್ಲಿ ಚಿಕ್ಕಪ್ಪನ ಮಗ ಶಿವುವಿನ ಬಾಡಿಗೆ ಮನೆಗೆ ಹೋದಾಗ ಗೇಟಿನಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಹೋಗಿ ನೋಡಿದರೆ ಆತ ಒಂದು ಹಳೆಯ ಬೋನಿಗೆ ವಿಭೂತಿ ಬಳಿದು ಧೂಪ ಹಾಕುತ್ತಿದ್ದ. ನೋಡಿದ ಕೂಡಲೇ ಗುರುತು ಹತ್ತಿತು. ಆಸ್ತಿ ಪಾಲಾದ ಮೇಲೆ ನಮ್ಮ ಹಳೆಯ ಮನೆಯನ್ನು ಕೆಡವಿ ಕಾಫಿ ಒಣಗಿಸುವ ಕಣ ಮಾಡಿದರು. ಬಾಗಿಲು, ತೊಲೆ, ಅಜ್ಜಿಯ ಒರಳು ಎಲ್ಲ ಎಲ್ಲೆಲ್ಲಿಗೋ ಹೋದವು. ಈ ಬೋನೊಂದು ಹೇಗೆ ಉಳಿಯಿತೋ ಮಾರಾಯರೇ, ನನಗಂತೂ ಗೊತ್ತಿಲ್ಲ.

ಅದು ಚಿಕ್ಕಪ್ಪ ನರಿ ಹಿಡಿಯಲೆಂದು ಕುಲುಮೆಯವನಿಂದ ಮಾಡಿಸಿದ ಬೋನು. ನರಿ ಯಾಕೆ ಎಂಬುದು ಆಗ ನನ್ನ ತಲೆಗೆ ಹತ್ತಿರಲಿಲ್ಲ. ನಮ್ಮದು ಶಿವಪೂಜೆಯ ಮನೆ. ಮೊಟ್ಟೆಯೂ ಹೊಸಿಲು ದಾಟದಿದ್ದ ಮೇಲೆ ಕೋಳಿಯ ಮಾತೆಲ್ಲಿ? ನರಿ ಕದಿಯುವಂಥದ್ದು ನಮ್ಮಲ್ಲಿ ಏನೂ ಇರಲಿಲ್ಲ. ಎಸ್ಟೇಟಿನಲ್ಲಿ ರೈಟರಾಗಿ ಕಾಫಿ ಹಣ್ಣು ತೂಗಿಸುತ್ತಿದ್ದ, ಜಿಗಣೆಯನ್ನೂ ಕೊಲ್ಲದೆ ಕಿತ್ತು ಆಚೆ ಬಿಡುತ್ತಿದ್ದ ಚಿಕ್ಕಪ್ಪ, ಒಂದು ಪುಷ್ಯದ ಚಳಿಯಲ್ಲಿ ಇದ್ದಕ್ಕಿದ್ದಂತೆ ನರಿ ಹಿಡಿಯುವುದನ್ನು ಕಲಿಯಲು ಹೊರಟರು. ಅಪ್ಪ ‘ಹುಚ್ಚು’ ಎಂದರು, ಅಮ್ಮ ‘ಹವ್ಯಾಸ’ ಎಂದರು.

ಕಲಿಸಿದವರು ಪಕ್ಕದ ತೋಟದ ಪೂವಯ್ಯ ಅಂಕಲ್. ಮನುಷ್ಯನ ವಾಸನೆ ಇದ್ದರೆ ನರಿ ಹತ್ತಿರ ಸುಳಿಯುವುದಿಲ್ಲ, ಬೋನಿಗೆ ಸೊಪ್ಪು ಉಜ್ಜಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂದು ಹೇಳಿಕೊಟ್ಟರು. ಚಿಕ್ಕಪ್ಪ ಸಂಜೆ ಶ್ರದ್ಧೆಯಿಂದ ಸೊಪ್ಪು ಉಜ್ಜುವುದು, ಬೆಳಿಗ್ಗೆ ಅಜ್ಜಿ ಅಷ್ಟೇ ಶ್ರದ್ಧೆಯಿಂದ ಅದನ್ನು ತೊಳೆದು ವಿಭೂತಿ ಇಟ್ಟು ಸಾಂಬ್ರಾಣಿ ಹಾಕುವುದು. "ಕಬ್ಣದ್ದು ಕಣ್ರೋ, ಪೂಜೆ ಮಾಡ್ದೆ ಹಂಗೇ ಬಿಟ್ರೆ ಮನೆಗೆ ಆಗ್ಬರಲ್ಲ" ಎನ್ನುತ್ತಿದ್ದಳು. ಪೂವಯ್ಯ ಅಂಕಲ್ ಒಮ್ಮೆ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲ ಸ್ವಾಮಿ, ನೀವು ನರಿ ಹಿಡಿಯೋಕೆ ಹೊರಟಿದ್ದೋ, ಅದಕ್ಕೆ ದೀಕ್ಷೆ ಕೊಡೋಕೋ?" ಬೋನಿನೊಳಗೆ ಕಟ್ಟಲು ಅವರು ಒಣಮೀನು ತಂದು ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದರು. ಚಿಕ್ಕಪ್ಪ ಅದನ್ನು ಕವಲುಕೋಲಿನಲ್ಲಿ ಎತ್ತಿ ಕಟ್ಟಿ, ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಎನ್ನುತ್ತ ಒಳಗೆ ಬರುತ್ತಿದ್ದರು. ಸಿಕ್ಕಿದ್ದು ಒಂದು ಮುಂಗುಸಿ, ಯಾರದೋ ಬೆಕ್ಕು. ನಗಬೇಕೋ ಅಯ್ಯೋ ಎನ್ನಬೇಕೋ ತಿಳಿಯದೆ ನಾನು ಅವರಿಗೆ ಟವೆಲ್ ಕೊಡುತ್ತಿದ್ದೆ.

ಕಾರಣ ಒಳಕೋಣೆಯಲ್ಲಿ ಮಲಗಿತ್ತು. ಗಿರಿಜಾ ಚಿಕ್ಕಮ್ಮ ಹಿಂದೆ ಎರಡು ಸಲ ಆಸ್ಪತ್ರೆಯಿಂದ ಬರಿ ಮಡಿಲಲ್ಲಿ ಬಂದವಳು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಎದ್ದ ಕೂಡಲೇ ನರಿಯ ಮುಖ ಕಂಡರೆ ಅದೃಷ್ಟ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇದೆ, ಆದರೆ ಅದಕ್ಕಾಗಿ ಬೋನು ಮಾಡಿಸಿದವರು ಚಿಕ್ಕಪ್ಪ ಒಬ್ಬರೇ ಇರಬೇಕು. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನದೊಳಗೆ ಒಂದೇ ಒಂದು ನರಿಯ ಮುಖ ತೋರಿಸಿ ಬಿಟ್ಟುಬಿಡುವುದು, ಅವರಿಗೆ ಬೇಕಿದ್ದದ್ದು ಅಷ್ಟೇ.

ಆ ದಿನ ಬಂತು. ಮಂಜು ಇನ್ನೂ ಕರಗಿರಲಿಲ್ಲ. ಅಪ್ಪ, ಚಿಕ್ಕಪ್ಪ ಇಬ್ಬರೂ ಗೋಣಿ ಹೊದಿಸಿದ ಬೋನನ್ನು ಹೊತ್ತು ತಂದು ಚಿಕ್ಕಮ್ಮನ ಕಿಟಕಿಯ ಕೆಳಗೆ ಇಟ್ಟರು. ನಾನು ಅವಳ ದಿಂಬಿನ ಹತ್ತಿರ ನಿಂತಿದ್ದೆ. "ಗಿರಿಜಾ, ಕಣ್ ಬಿಡು, ನರಿ!" ಎಂದು ಚಿಕ್ಕಪ್ಪ ಗೋಣಿ ಎತ್ತಿದರು. ಕಂದುಬಣ್ಣದ, ಸಣಕಲು, ಎಡಗಿವಿ ಹರಿದ ಪ್ರಾಣಿ. ಅಯ್ಯೋ ಶಿವನೇ, ಅದು ಎಸ್ಟೇಟಿನ ಆಳುಗಳ ಲೈನ್ ಮನೆಗಳ ಕೆಂಚ ನಾಯಿ! ದಿನಾ ಮಧ್ಯಾಹ್ನ ಇದೇ ಕಿಟಕಿಯಿಂದ ಚಿಕ್ಕಮ್ಮ ರೊಟ್ಟಿ ಎಸೆಯುತ್ತಿದ್ದುದು ಅದಕ್ಕೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. "ಬಂತಲ್ರೀ ನರಿ, ಕೊನೆಗೂ" ಎಂದು ಕಣ್ಣು ತುಂಬಿಕೊಂಡು ನಕ್ಕಳು. ಚಿಕ್ಕಪ್ಪನೂ ಅತ್ತರು. ಅವರನ್ನು ಆಸ್ಪತ್ರೆಗೆ ಕಳಿಸಿ, ನಾಯಿಯನ್ನು ಬಿಟ್ಟ ಮೇಲೆ ಬೋನಿನೊಳಗೆ ಬಗ್ಗಿ ನೋಡಿದೆ. ಮೀನು ಇರಲಿಲ್ಲ, ಅಕ್ಕಿರೊಟ್ಟಿಯ ಚೂರು ಬಿದ್ದಿತ್ತು. ಸಾಂಬ್ರಾಣಿ ವಾಸನೆ ಮಾತ್ರ ಹಾಗೇ ಇತ್ತು.

ಅದೃಷ್ಟ ನಾಯಿಯ ಮುಖದಿಂದ ಬಂತೋ, ಡಾಕ್ಟರಿಂದಲೋ? ಶಿವು ಕಿರುಚುತ್ತಾ ಹುಟ್ಟಿದ, ಚಿಕ್ಕಮ್ಮ ತುಂಬಿದ ಮಡಿಲಲ್ಲಿ ಬಂದಳು. ಎಷ್ಟೋ ವರ್ಷದ ಮೇಲೆ, ಕೊನೆಯ ಕಾಯಿಲೆಯಲ್ಲಿ, ನನ್ನ ಕಿವಿಯಲ್ಲಿ ಹೇಳಿದಳು: "ಅದು ನಾಯಿ ಅಂತ ಅವ್ರಿಗೆ ಹೇಳ್ಬೇಡ ಕಣೇ. ಪಾಪ, ಬೇಜಾರ್ ಮಾಡ್ಕತಾರೆ." ಅವಳು ಹೋದ ಮೇಲೆ ನಾನು ಚಿಕ್ಕಪ್ಪನನ್ನು ಕೇಳಿಯೇಬಿಟ್ಟೆ, ಅವತ್ತು ಬೋನಿನಲ್ಲಿ ರೊಟ್ಟಿ ಇಟ್ಟವರು ಯಾರು ಎಂದು. "ಅವ್ಳು ನರಿ ಅಂದ್ಲಲ್ಲ ಮಗಾ, ಇನ್ನೇನು?" ಎಂದರು. ಯಾರು ಯಾರಿಗೆ ಸುಳ್ಳು ಹೇಳಿದರು, ಯಾರಿಗೆ ಏನು ಗೊತ್ತಿತ್ತು, ಯೋಚಿಸಿದಷ್ಟೂ ನನಗೆ ಗೋಜಲೇ. ಈಗ ಕೇಳೋಣವೆಂದರೆ ಚಿಕ್ಕಪ್ಪನೂ ಇಲ್ಲ. ಅವರಿಬ್ಬರೂ ಬೇಕು ಅನ್ನಿಸುತ್ತದೆ, ಅಷ್ಟೇ.

ಶಿವುವಿನ ಹೆಂಡತಿಗೆ ಈಗ ದಿನ ತುಂಬುತ್ತಿದೆ. ಸೋಮವಾರಪೇಟೆಯ ಓಣಿಯಲ್ಲಿ ನರಿ ಎಲ್ಲಿಂದ ಬರಬೇಕು? ಹೊಗೆಗೆ ಕಣ್ಣುಜ್ಜುತ್ತ ಅವನು ಕೇಳಿದ: "ಅಕ್ಕಾ, ಅವತ್ತು ನೀನಿದ್ದೆಯಂತಲ್ಲ. ಅಮ್ಮ ನೋಡಿದ್ದು ನಿಜವಾಗ್ಲೂ ನರಿನೇನಾ?"

ಮಣಿಕಟ್ಟಿನಲ್ಲಿ ಚಿಕ್ಕಮ್ಮನ ಹಿಡಿತ ಇನ್ನೂ ಇತ್ತು.

"ನರಿನೇ ಕಣೋ" ಎಂದೆ. "ಒಳಗೆ ರೊಟ್ಟಿ ಇದ್ರೆ ಒಂದು ಚೂರು ತಗೊಂಬಾ."